ಬೇದಿಗೆ ಬರೀ ಓಆರ್‌ಎಸ್ ಪೊಟ್ಟಣವಾ?

ಸುರತ್ಕಲ್‌ನ ಅಮ್ಮನವರೇ, ನಿಮ್ಮ ಪತ್ರ ಓದಿದೆ, ಸಿಟ್ಟೂ ಗೊತ್ತಾಯ್ತು. ಎರಡೂವರೆ ವರ್ಷದ ಮಗನಿಗೆ ನೀರು ನೀರು ಬೇದಿ, ಕ್ಲಿನಿಕ್‌ನಲ್ಲಿ ಒಂದು ಗಂಟೆ ಕಾದದ್ದು, ಡಾಕ್ಟ್ರು ಹೊಟ್ಟೆಯ ಚರ್ಮ ಚಿವುಟಿ ಮಗುವನ್ನು ಅಳ್ಸಿ ಕಡೆಗೆ ಓಆರ್‌ಎಸ್ (ನೀರಿಗೆ ಕಲ್ಸುವ ಉಪ್ಪು, ಗ್ಲುಕೋಸ್ ಪುಡಿ), ಝಿಂಕ್ ಮಾತ್ರ ಬರ್ದು ಕಳ್ಸಿದ್ರು, ಎರಡನೇ ದಿನವೂ ನಿಲ್ಲಲಿಲ್ಲ, ಮೆಡಿಕಲ್‌ನಿಂದ ನಿಲ್ಸುವ ಮಾತ್ರೆ ತರ್ಲಾ ಅಂತ ಕೇಳಿದ್ದೀರಿ.

ಬೇಡ ಮಾರಾಯ್ರೆ. ಆ ಮಾತ್ರೆ ಕರುಳಿನ ಚಲನೆಯನ್ನೇ ಕಟ್ಟಿ ಹಾಕ್ತದೆ, ಸಣ್ಣ ಮಕ್ಕಳಿಗೆ ಅಪಾಯ. ಈ ಪ್ರಾಯದ ನೀರು ಬೇದಿ ಹೆಚ್ಚಾಗಿ ವೈರಸ್ಸಿಂದ, ಅದಕ್ಕೆ ಆ್ಯಂಟಿಬಯಾಟಿಕ್ ನಾಟುದಿಲ್ಲ. ಮತ್ತೆ ಆ ಚಿವುಟಿದ್ದು ಉಂಟಲ್ಲ, ನೀವು ಫೀಸ್ ಕೊಟ್ಟದ್ದೇ ಅದಕ್ಕೆ ಅಂತ ನಾನು ಹೇಳ್ತೇನೆ. ಬಿಟ್ಟ ಕೂಡ್ಲೇ ಚರ್ಮ ಸಪಾಟಾದ್ರೆ ಮೈಯಲ್ಲಿ ನೀರು ಸಾಕಷ್ಟು ಉಂಟು, ಮಡಿಕೆ ನಿಧಾನಕ್ಕೆ ಇಳಿದ್ರೆ ಕಮ್ಮಿಯಾಗಿದೆ, ಅದು, ಕಣ್ಣು ಗುಳಿ ಬಿದ್ದಿದೆಯಾ, ಕೊಟ್ಟದ್ದು ಕುಡೀತಾನಾ ಅಂತ ನೋಡಿಯೇ ಡ್ರಿಪ್ ಬೇಕಾ ಮನೆಯೇ ಸಾಕಾ ಹೇಳುದು.

ಇನ್ನು ಆ ಪೊಟ್ಟಣ. ನಮ್ಮ ಮನೆಯಲ್ಲಿ ನಾನೇ ಒಮ್ಮೆ ದೊಡ್ಡ ಪೊಟ್ಟಣದ ಅರ್ಧವನ್ನು ಒಂದು ಗ್ಲಾಸಿಗೆ ಸುರ್ದು ಕಲ್ಸಿ ಮಗಳಿಗೆ ಕುಡಿಸ್ಲಿಕ್ಕೆ ಹೊರಟವ, ಹೆಂಡತಿ ನೋಡಿ ಬೈದದ್ದು ಇನ್ನೂ ನೆನಪುಂಟು. ದೊಡ್ಡ ಪೊಟ್ಟಣ ಪೂರ್ತಿ 1 ಲೀಟರ್ ಕುದಿಸಿ ಆರಿಸಿದ ನೀರಿಗೆ, 24 ಗಂಟೆ ಕಳೆದ್ರೆ ಚೆಲ್ಲುದು. ಉಪ್ಪು ಗ್ಲುಕೋಸ್ ಜೊತೆಯಾಗಿ ಹೋದ್ರೇ ಕರುಳು ನೀರು ಎಳ್ಕೊಳ್ಳುದು, ತೀರಾ ಗಟ್ಟಿಯಾದ್ರೆ ಉಲ್ಟಾ, ಮೈಯ ನೀರೇ ಕರುಳಿಗೆ ಬಂದು ಬೇದಿ ಜಾಸ್ತಿ. ಬಣ್ಣ ಬಣ್ಣದ ಸಿಹಿ ಜ್ಯೂಸ್ ಡಬ್ಬಿ ಬೇಡ ಅನ್ನುದೂ ಇದಕ್ಕೇ. ಬೊಂಡ (ಎಳನೀರು) ಕೊಡಿ, ತೊಂದ್ರೆ ಇಲ್ಲ, ಆದ್ರೆ ಅದ್ರಲ್ಲಿ ಸೋಡಿಯಂ ಕಮ್ಮಿ, ಓಆರ್‌ಎಸ್ ಬದಲಿಗೆ ಆಗುದಿಲ್ಲ.

ನಿಮ್ಮ ಮಗನ ಪ್ರಾಯಕ್ಕೆ ಪ್ರತಿ ಬೇದಿಗೆ 100ರಿಂದ 200 ಮಿಲಿ ಓಆರ್‌ಎಸ್. ಕಕ್ಕಿದ್ರೆ ಹತ್ತು ನಿಮಿಷ ಬಿಟ್ಟು ಮತ್ತೆ ಚಮಚದಲ್ಲಿ. "ಹೊಟ್ಟೆಗೆ ರಜೆ ಕೊಡು" ಅಂತಾರಂತೆ ನಿಮ್ಮ ಅತ್ತೆ, ಅವರಿಗೆ ನನ್ನ ನಮಸ್ಕಾರ ಹೇಳಿ, ಆದ್ರೆ ಉಪ್ಪು ಹಾಕಿದ ಗಂಜಿ, ಮೊಸರನ್ನ ಎಲ್ಲ ಕೊಡ್ಬೇಕು.

ಬೇದಿಯಲ್ಲಿ ರಕ್ತ, ಕುಡಿದದ್ದೆಲ್ಲ ವಾಂತಿ, ಆರು ಗಂಟೆ ಮೂತ್ರವೇ ಇಲ್ಲ, ಎಬ್ಬಿಸಿದ್ರೂ ಮಂಪರು, ಇದ್ರಲ್ಲಿ ಒಂದಿದ್ರೂ ಕ್ಲಿನಿಕ್ ತೆರೆಯುವ ಹೊತ್ತು ಕಾಯ್ಬೇಡಿ, ರಾತ್ರಿಯೇ ಆಸ್ಪತ್ರೆಗೆ ಹೋಗಿ.

ಈ ಉತ್ತರ ಅಚ್ಚಾಗಿ ನಿಮ್ಮ ಕೈಗೆ ಬರುವಾಗ ಮಗ ಅಂಗಳದಲ್ಲಿ ಓಡ್ಲಿಕ್ಕೆ ಶುರು ಮಾಡಿರ್ತಾನೆ. ಆದ್ರೂ ಫ್ರಿಜ್ಜಿನ ಮೇಲೆ ಆ ಝಿಂಕ್ ಸ್ಟ್ರಿಪ್ ಅರ್ಧಕ್ಕೆ ನಿಂತಿದೆಯಾ ನೋಡಿ, ಬೇದಿ ನಿಂತ್ರೂ 14 ದಿನ ಕೊಡ್ಲಿಕ್ಕುಂಟು.