ರೋಮನ್ ಬಾಹ್ಯಾಕಾಶ ದೂರದರ್ಶಕ ನಾಸಾದ್ದು. ಅದಕ್ಕೆ ಜಪಾನ್, ಯುರೋಪಿನ ನೆರವು ಯಾಕೆ ಬೇಕು?

ಮುಖ್ಯ ಕಾರಣ, ಡೇಟಾ ಇಳಿಸಿಕೊಳ್ಳುವುದು. ರೋಮನ್‌ನ ಕನ್ನಡಿ ಹಬಲ್‌ನಷ್ಟೇ, 2.4 ಮೀಟರ್. ಆದರೆ ಕ್ಯಾಮೆರಾದಲ್ಲಿ 18 ಸಂವೇದಕಗಳು, ಒಟ್ಟು ಸುಮಾರು 30 ಕೋಟಿ ಪಿಕ್ಸೆಲ್! ದಿನಕ್ಕೆ ಸುಮಾರು 1.4 ಟೆರಾಬೈಟ್ ಮಾಹಿತಿ 15 ಲಕ್ಷ ಕಿ.ಮೀ. ದೂರದಿಂದ ಬರಬೇಕು. ಭೂಮಿ ತಿರುಗುವುದರಿಂದ ಒಂದೇ ಆಂಟೆನಾಗೆ ದೂರದರ್ಶಕ ಇಡೀ ದಿನ ಕಾಣುವುದಿಲ್ಲ. ಅಮೆರಿಕದ ವೈಟ್ ಸ್ಯಾಂಡ್ಸ್‌ಗೆ ಅದು ಮರೆಯಾದಾಗ ಜಪಾನಿನ ಮಿಸಾಸಾ, ಆಸ್ಟ್ರೇಲಿಯಾದಲ್ಲಿರುವ ಯುರೋಪಿನ ನ್ಯೂ ನಾರ್ಸಿಯಾ ಕೇಂದ್ರಗಳು ಸಂಕೇತ ಹಿಡಿಯುತ್ತವೆ. ಇಷ್ಟು ಮಾಹಿತಿಯನ್ನು ವೇಗವಾಗಿ ಕಳಿಸಲು ಬೇಕಾದ ಕಾ-ಬ್ಯಾಂಡ್ ಎಂಬ ರೇಡಿಯೊ ಅಲೆಗಳನ್ನು ಮಳೆ ದುರ್ಬಲಗೊಳಿಸುತ್ತದೆ. ಕೇಂದ್ರಗಳು ದೂರದೂರ ಇದ್ದರೆ, ಒಂದು ಕಡೆ ಮಳೆಯಾದರೂ ಇನ್ನೊಂದು ಕಡೆ ಇಳಿಸಿಕೊಳ್ಳಬಹುದು.

ಉಳಿದ ನೆರವು ದೂರದರ್ಶಕದ ಭಾಗಗಳದ್ದು. ನಕ್ಷತ್ರದ ಬೆಳಕನ್ನು ಮರೆಮಾಡಿ ಪಕ್ಕದ ಗ್ರಹ ನೋಡುವ ಕೊರೊನಾಗ್ರಾಫ್‌ಗೆ ಫ್ರಾನ್ಸ್ ಅತಿ ನುಣುಪಾದ ಕನ್ನಡಿಗಳನ್ನು ಕೊಟ್ಟಿದೆ. ಕನ್ನಡಿ ಕೊಂಚ ಒರಟಾದರೂ ಬೆಳಕು ಚದುರಿ, ಗ್ರಹ ಅದರಲ್ಲೇ ಮುಳುಗಿಹೋಗುತ್ತದೆ.