ಈರುಳ್ಳಿಗೆ ಗಾಮಾ ಕಿರಣ ಹಾಯಿಸಿದರೆ ಅದು ವಿಕಿರಣಶೀಲ ಆಗುತ್ತಾ?

ನಿಮ್ಮ ಪ್ರಶ್ನೆ ಎರಡು: ಅಣು ಸ್ಥಾವರದಿಂದ ಕರೆಂಟಲ್ಲದೆ ರೈತರಿಗೆ ಬೇರೇನು ಲಾಭ, ಮತ್ತು ಮೊಳಕೆ ಒಡೆಯದಿರಲೆಂದು ಕಿರಣ ಹಾಯಿಸಿದ ಈರುಳ್ಳಿ ತಿನ್ನಬಹುದಾ?

ಎರಡನೆಯದಕ್ಕೆ ಮೊದಲು ಉತ್ತರ: ಧೈರ್ಯವಾಗಿ ತಿನ್ನಿ. ಇಲ್ಲಿ ಬಳಸುವುದು ಕೋಬಾಲ್ಟ್-60, ಅಂದರೆ ತಾನಾಗಿಯೇ ಗಾಮಾ ಕಿರಣ ಸೂಸುವ ಲೋಹ. ಸಾಮಾನ್ಯ ಕೋಬಾಲ್ಟನ್ನು ಅಣು ಸ್ಥಾವರದ ರಿಯಾಕ್ಟರ್ ಒಳಗೆ ಇಟ್ಟು ಇದನ್ನು ತಯಾರಿಸುತ್ತಾರೆ. ಅದನ್ನು ಉಕ್ಕಿನ ಕೊಳವೆಯಲ್ಲಿ ಭದ್ರವಾಗಿ ಮುಚ್ಚಿರುತ್ತಾರೆ, ಈರುಳ್ಳಿಗೆ ಅದು ತಾಗುವುದೇ ಇಲ್ಲ. ಕಿರಣ ಮಾತ್ರ ಹಾದು ಹೋಗುತ್ತದೆ. ಆಹಾರವನ್ನು ವಿಕಿರಣಶೀಲ, ಅಂದರೆ ತಾನೇ ಕಿರಣ ಸೂಸುವಂತೆ ಮಾಡುವಷ್ಟು ಶಕ್ತಿ ಆ ಕಿರಣಕ್ಕಿಲ್ಲ. ಎಕ್ಸ್-ರೇ ತೆಗೆಸಿಕೊಂಡವರ ಮೈಯಲ್ಲಿ ಕಿರಣ ಉಳಿಯುವುದಿಲ್ಲ, ಅಲ್ವಾ? ಹಾಗೇ ಇದು.

ಇನ್ನು ಮೊದಲ ಪ್ರಶ್ನೆ, ರೈತರಿಗೇನು ಲಾಭ ಅನ್ನುವುದು. ಮಹಾರಾಷ್ಟ್ರದ ನಾಸಿಕ್ ಜಿಲ್ಲೆಯ ಲಾಸಲ್‌ಗಾಂವ್‌ನಲ್ಲಿ 2002ರಿಂದ ಇಂಥ ಘಟಕ ಇದೆ. ಈರುಳ್ಳಿ ಮಾರುಕಟ್ಟೆ ಇರುವ ಊರಲ್ಲೇ ಕಟ್ಟಿದ್ದು ನನಗೆ ತುಂಬಾ ಇಷ್ಟವಾದ ಸಂಗತಿ. 2007ರಲ್ಲಿ ಭಾರತದ ಮಾವು ಮತ್ತೆ ಅಮೆರಿಕಕ್ಕೆ ಹೋಗಿದ್ದು ಇಲ್ಲಿಂದಲೇ. ಹಣ್ಣಿನೊಳಗಿನ ಕೀಟ ಹರಡಬಾರದು, ಅದಕ್ಕೆ ಕಿರಣ ಹಾಯಿಸಲೇಬೇಕು ಎಂದು ಅಮೆರಿಕದವರು ಷರತ್ತು ಹಾಕಿದ್ದರು. ನಮ್ಮ ಮಾಲೂರಿನಲ್ಲೂ ಇಂಥದ್ದೊಂದು ಘಟಕ ಇದೆ.

ಆದರೆ ಒಂದು ಮಾತು. ಕಿರಣ ಈರುಳ್ಳಿ ಮೊಳಕೆ ಒಡೆಯುವುದನ್ನು ತಡೆಯುತ್ತದೆ, ಕೊಳೆಯುವುದನ್ನಲ್ಲ. ಕಿತ್ತ ಮೇಲೆ ಚೆನ್ನಾಗಿ ಒಣಗಿಸಿ, ಮೊಳಕೆ ಏಳುವ ಮೊದಲೇ ಒಯ್ಯಬೇಕು. ಆಮೇಲೆ ಗಾಳಿಯಾಡುವ ಗೋದಾಮು ಅಥವಾ ಶೀತಲಗೃಹ ಬೇಕೇ ಬೇಕು. ಒಬ್ಬೊಬ್ಬ ಸಣ್ಣ ರೈತನಿಗೆ ಇದರ ಖರ್ಚು ಹೊರೆ. ಅದಕ್ಕೇ ಸುಮ್ನೆ ಯಂತ್ರ ತಂದಿಟ್ಟರೆ ಸಾಲದು. ಗದಗ, ಚಿತ್ರದುರ್ಗದ ಕಡೆ ರೈತರ ಸಂಘಗಳನ್ನು ಮೊದಲೇ ಕೂರಿಸಿ, ಬಾಡಿಗೆ ಎಷ್ಟು, ಸರದಿ ಹೇಗೆ ಎಂದು ಅವರ ಜೊತೆಗೇ ತೀರ್ಮಾನಿಸಬೇಕು. ನಿಮ್ಮೂರಲ್ಲಿ ಅಂಥ ಸಂಘ ಇದ್ದರೆ, ಮಾಲೂರಿನ ಘಟಕವನ್ನು ಒಮ್ಮೆ ಒಟ್ಟಾಗಿ ವಿಚಾರಿಸಿ ನೋಡಿ.