ಅಮೆರಿಕದಲ್ಲೂ ಹಳ್ಳಿಗಳಿವೆಯಾ?

ಅಮೆರಿಕದಲ್ಲಿ ಬರೀ ದೊಡ್ಡ ದೊಡ್ಡ ಫಾರ್ಮುಗಳಾ, ಇಲ್ಲ ನಮ್ಮ ಹಾಗೆ ಹಳ್ಳಿಗಳೂ ಇವೆಯಾ ಎಂದು ಕೇಳಿದ್ದೀರಿ. ಇವೆ. ನಾನು ಕೆಲವು ವರ್ಷ ವಿಸ್ಕಾನ್ಸಿನ್ ರಾಜ್ಯದ ಮ್ಯಾಡಿಸನ್‌ನಲ್ಲಿದ್ದೆ. ಅಲ್ಲಿಂದ ಕಾರಿನಲ್ಲಿ ಮುಕ್ಕಾಲು ಗಂಟೆ ಹೋದರೆ ನ್ಯೂ ಗ್ಲಾರಸ್ ಸಿಗುತ್ತದೆ. ಎರಡು ಸಾವಿರ ಚಿಲ್ಲರೆ ಜನ ಅಷ್ಟೇ. ನಾನು ಮತ್ತೆ ಮತ್ತೆ ಹೋದ ಊರು ಅದು.

ಆ ಕಡೆ ಸಾಮಾನ್ಯವಾಗಿ ರೈತ ತನ್ನ ಹೊಲದ ಮಧ್ಯೆಯೇ ಮನೆ ಕಟ್ಟಿಕೊಳ್ಳುತ್ತಾನೆ. ಪಕ್ಕದ ಮನೆ ಎಂದರೆ ಅರ್ಧ ಮೈಲಿ ದೂರ. ಆದರೆ ನ್ಯೂ ಗ್ಲಾರಸ್‌ನವರು ಬರುವಾಗಲೇ ಒಂದು ಊರಾಗಿ ಬಂದವರು. ಸ್ವಿಟ್ಜರ್ಲೆಂಡ್‌ನ ಗ್ಲಾರಸ್ ಬೆಟ್ಟಗಳ ನಾಡು, ಉಳುವ ನೆಲ ಕಡಿಮೆ. 1840ರ ದಶಕದಲ್ಲಿ ಕೆಲಸವೂ ಸಿಗದೆ ಜನ ಕಂಗಾಲಾದಾಗ ಅಲ್ಲಿನವರೇ ಸೇರಿ, ಹಣ ಹೊಂದಿಸಿ, ತಮ್ಮವರನ್ನು ಕಳಿಸಿಕೊಟ್ಟರು. ಜಾಗ ನೋಡಲು ನಿಕೋಲಸ್ ಡ್ಯೂರ್ಸ್ಟ್, ಫ್ರಿಡೊಲಿನ್ ಸ್ಟ್ರೈಫ್ ಎಂಬ ಇಬ್ಬರು ಮುಂದೆ ಹೋಗಿದ್ದರು. ಜಾಗ ಸಿಕ್ಕಿದ ಸುದ್ದಿ ಬರುವ ಮೊದಲೇ ಉಳಿದವರು ಹೊರಟೇಬಿಟ್ಟರು! 1845ರ ಏಪ್ರಿಲ್‌ನಲ್ಲಿ ಹೊರಟವರು 193 ಜನ. ಆಗಸ್ಟ್‌ನಲ್ಲಿ ಬಂದು ಮುಟ್ಟಿದವರು 108.

ಕೊಂಡಿದ್ದು 1,280 ಎಕರೆ. ಅದಕ್ಕೂ ಮೊದಲು ಅದು ಹೋ-ಚಂಕ್ ಎಂಬ ಮೂಲನಿವಾಸಿ ಜನರ ನೆಲ, ಇದನ್ನು ಮರೆಯಬಾರದು. ಕೃಷಿ ಭೂಮಿಯನ್ನು 20 ಎಕರೆಯ ತುಂಡು ಮಾಡಿ, ಚೀಟಿ ಎತ್ತಿ ಹಂಚಿಕೊಂಡರು. ನೀರಿನ ಪಕ್ಕದ ನೆಲ ಯಾರಿಗೆ, ದಿಣ್ಣೆ ಯಾರಿಗೆ ಎಂಬ ಜಗಳಕ್ಕೆ ಜಾಗವೇ ಇರಲಿಲ್ಲ ಅಲ್ವಾ?

ಮೊದಮೊದಲು ಎಲ್ಲರೂ ಗೋಧಿ ಬೆಳೆದರು. ವರ್ಷಾವರ್ಷ ಅದೇ ಬೆಳೆ, ಮಣ್ಣು ಸೊರಗಿತು. ಮೇಲೆ ಚಿಂಚ್ ಬಗ್ ಎಂಬ ರಸ ಹೀರುವ ಹುಳದ ಕಾಟ. ಆಗ ಜನ ಹಸುವಿನ ಕಡೆ ತಿರುಗಿದರು. ಊರನ್ನು ಉಳಿಸಿದ್ದು ಇದೇ ಎಂದು ನನಗೆ ಅನಿಸುತ್ತದೆ. ಗೋಧಿ ಬೆಳೆದವನು ವರ್ಷಕ್ಕೊಮ್ಮೆ ಪೇಟೆಗೆ ಹೋದರೆ ಸಾಕು, ಹಾಲು ಕರೆದವನಿಗೆ ಅದು ನಡೆಯದು. ದಿನಾ ಕೊಡಬೇಕು, ಹತ್ತಿರದಲ್ಲೇ ಕೊಡಬೇಕು. ಹಾಗಾಗಿ ದಾರಿ ಕೂಡುವಲ್ಲೆಲ್ಲ ಚಿಕ್ಕ ಚಿಕ್ಕ ಚೀಸ್ ಕಾರ್ಖಾನೆಗಳು ಎದ್ದವು. ಒಂದು ಕಾಲದಲ್ಲಿ ಈ ಊರಿರುವ ಗ್ರೀನ್ ಕೌಂಟಿ (ನಮ್ಮ ಜಿಲ್ಲೆಯ ಹಾಗೆ) ಒಂದರಲ್ಲೇ 200ಕ್ಕೂ ಜಾಸ್ತಿ ಇದ್ದವು. ಸ್ವಿಸ್ ಚೀಸ್, ಮತ್ತೆ ಮೂಗು ಮುಚ್ಚಿಕೊಳ್ಳುವಷ್ಟು ವಾಸನೆಯ ಲಿಂಬರ್ಗರ್ ಚೀಸ್. ಚೀಸ್ ಮಾಡಿ ಉಳಿದ ನೀರು ಹಂದಿಗಳಿಗೆ. ನಮ್ಮ ಮನೆಯಲ್ಲಿ ಅಮ್ಮ ಬೆಳಗ್ಗೆ ಎದ್ದು ಡೈರಿಗೆ ಹಾಲು ಹಾಕಲು ಹೋಗುತ್ತಿದ್ದರು. ಹಾಗಾಗಿ ಈ ಲೆಕ್ಕ ನನಗೆ ಬೇಗ ಅರ್ಥವಾಯಿತು.

1910ರಲ್ಲಿ ಹಾಲು ಗಟ್ಟಿ ಮಾಡುವ ದೊಡ್ಡ ಕಾರ್ಖಾನೆಯೂ ಬಂತು. 1962ರಲ್ಲಿ ಅದು ಮುಚ್ಚಿದ ಮೇಲೆ ಊರು ಪ್ರವಾಸಿಗರನ್ನು ನೆಚ್ಚಿಕೊಂಡಿತು. ಇವತ್ತು ಪೇಟೆಬೀದಿಯಲ್ಲಿ ಕಾಣುವ ಕೆತ್ತನೆಯ ಮರದ ಉಪ್ಪರಿಗೆ, ಹೂವಿನ ಕುಂಡಗಳಲ್ಲಿ ಬಹಳಷ್ಟು ಆಮೇಲೆ ಬಂದಿದ್ದು. ಇದು ಸುಮ್ನೆ ಪ್ರವಾಸಿಗರಿಗೆ ಹಾಕಿದ ವೇಷ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಸ್ವಿಸ್ ಜನಪದ ವೀರ ವಿಲ್ಹೆಲ್ಮ್ ಟೆಲ್‌ನ ನಾಟಕವನ್ನು ಊರಿನವರೇ ಬಯಲಿನಲ್ಲಿ ಆಡಲು ಶುರು ಮಾಡಿದ್ದು 1938ರಲ್ಲಿ, ಕಾರ್ಖಾನೆ ಜೋರಾಗಿ ನಡೆಯುತ್ತಿದ್ದಾಗಲೇ.

ಹೋದರೆ ಸ್ವಿಸ್ ಹಿಸ್ಟಾರಿಕಲ್ ವಿಲೇಜ್ ನೋಡಿ. ಹಳೆಯ ಮರದ ದಿಮ್ಮಿಯ ಮನೆ, ಶಾಲೆ, ಚೀಸ್ ಮಾಡುವ ಕೋಣೆ ಎಲ್ಲ ಇವೆ. ಅಲ್ಲೇ ಒಮ್ಮೆ ವಯಸ್ಸಾದ ರೈತರೊಬ್ಬರು ಮಾತಿಗೆ ಸಿಕ್ಕರು. ನಮ್ಮ ಮನೆಯಲ್ಲೂ ಹಸು ಇವೆ ಎಂದೆ. ಎಷ್ಟು ಎಂದು ಕೇಳಿದರು. ಎರಡು ಎಂದೆ. ನಗಲಿಲ್ಲ, ಅವುಗಳ ಹೆಸರು ಕೇಳಿದರು. ಗೌರಿ, ತುಂಗೆ ಎಂದೆ. ಎರಡನ್ನೂ ಒಂದೆರಡು ಸಲ ಮೆಲ್ಲಗೆ ಹೇಳಿ ನೋಡಿ, ಸರಿಯಾಯಿತಾ ಎಂದು ನನ್ನ ಮುಖ ನೋಡಿದರು.